ಅರವತ್ತು ಮನೆಯ ಕೂಗು

"ಗುರುಗಳೇ, ಕದ್ದ ಮೇಲೂ ವಸ್ತು ನನ್ನ ಹತ್ತಿರವೇ ಇದ್ದರೆ ಅದನ್ನು ಕಳವು ಎನ್ನಬಹುದೇ?"

ಕೇಳಿದವನು ಕೊಟ್ರೇಶ. ಊರಿನಲ್ಲಿ ಔಷಧದ ಅಂಗಡಿ ಇಟ್ಟವನು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಮುರಿಗೆಯ್ಯನವರ ಪಾಠಕ್ಕೆ ಬರುತ್ತಿದ್ದ. ಮುರಿಗೆಯ್ಯನವರು ಪುಸ್ತಕ ಮುಚ್ಚಿದರು.

"ಒಗಟು ಹಾಕಬೇಡ ಮಾರಾಯಾ. ಏನು ಹೋಯಿತು, ಅದನ್ನು ಹೇಳು."

ಕೊಟ್ರೇಶ ಹೇಳಿದ. ಆನ್‌ಲೈನಿನಲ್ಲಿ ಒಂದು ಅಂಗಡಿಯಿಂದ ಚಪ್ಪಲಿ ತರಿಸಿದ್ದ. ಕ್ರೆಡಿಟ್ ಕಾರ್ಡಿನಿಂದ ಹಣ ಕೊಟ್ಟಿದ್ದ. ಕಾರ್ಡಿನ ವಿವರ ಆ ಅಂಗಡಿಯವರಲ್ಲೇ ಉಳಿದಿತ್ತು. ಹೋದ ವಾರ ಅವರಿಂದ ಪತ್ರ ಬಂದಿತ್ತು. ನಮ್ಮ ಕಂಪ್ಯೂಟರಿಗೆ ಯಾರೋ ನುಗ್ಗಿದ್ದಾರೆ, ಸಾವಿರಾರು ಗಿರಾಕಿಗಳ ಕಾರ್ಡಿನ ವಿವರ ಅವರ ಕೈ ಸೇರಿದೆ, ನಿಮ್ಮದೂ ಅದರಲ್ಲಿದೆ, ಬ್ಯಾಂಕಿಗೆ ತಿಳಿಸಿ ಕಾರ್ಡು ಬದಲಾಯಿಸಿಕೊಳ್ಳಿ ಎಂದು ಬರೆದಿದ್ದರು.

"ಕಾರ್ಡು ಇಗೋ, ನನ್ನ ಜೇಬಿನಲ್ಲೇ ಇದೆ. ನಂಬರು ಅದರ ಮೇಲೇ ಇದೆ. ಒಂದು ಅಂಕಿಯೂ ಅಳಿಸಿಲ್ಲ. ಮುಂದಿನ ತಿಂಗಳು ಅವ್ವನ ಮೊಣಕಾಲಿನ ಆಪರೇಷನ್ನು. ಅದಕ್ಕೆ ಈ ಕಾರ್ಡನ್ನೇ ನಂಬಿದ್ದೇನೆ. ಈಗ ಬದಲಾಯಿಸುತ್ತ ಕೂತರೆ ಕರೆಂಟಿನವರಿಗೆ, ವಿಮೆಯವರಿಗೆ, ಎಲ್ಲರಿಗೂ ಹೊಸ ನಂಬರು ಕೊಡಬೇಕು. ಬಾಗಿಲು ತೆರೆದಿಟ್ಟವರು ಅವರು, ಓಡಾಡುವವನು ನಾನೇ? ಸಿಟ್ಟು ಹಾಗಿರಲಿ, ನನಗೆ ಸೋಜಿಗವಾಗಿದೆ. ಏನೂ ಕಳೆದುಹೋಗದ ಈ ಕಳವು ಎಂಥದ್ದು?"

"ಚೆನ್ನಾಗಿ ಕೇಳಿದೆ" ಎಂದರು ಮುರಿಗೆಯ್ಯನವರು. "ಹಾಗಿದ್ದರೆ ಒಂದು ಕತೆ ಕೇಳು. ನಡುವೆ ಬಾಯಿ ಹಾಕಬೇಡ ಎಂದು ಹೇಳುವುದಿಲ್ಲ. ಹೇಳಿದರೂ ನೀನು ಕೇಳುವವನಲ್ಲ."

ಒಂದು ಊರಿತ್ತು. ಅರವತ್ತು ಮನೆ. ಮನೆಗೊಂದು ಎಮ್ಮೆ. ಎಲ್ಲ ಎಮ್ಮೆಗಳನ್ನು ಕಾಯಲು ಒಬ್ಬನೇ ದನಗಾಹಿ. ಬೆಳಿಗ್ಗೆ ಹೊಡೆದುಕೊಂಡು ಹೋಗುತ್ತಿದ್ದ, ಸಂಜೆ ಕರೆತರುತ್ತಿದ್ದ.

ಆ ಊರಿನಲ್ಲಿ ಒಂದು ರೂಢಿ. ಪ್ರತಿ ಮನೆಗೂ ಬೇರೆ ಬೇರೆ ಕೂಗು. ಒಬ್ಬರದು ನಾಲಿಗೆ ಲೊಚಗುಟ್ಟುವುದು, ಒಬ್ಬರದು ಸಿಳ್ಳೆ, ಇನ್ನೊಬ್ಬರದು ಎರಡು ಸಲ "ಹೋ" ಎಂದು ಒಂದು ಸಲ ಸುಮ್ಮನಿರುವುದು. ಕರುವಾಗಿದ್ದಾಗಲೇ ಎಮ್ಮೆಗೆ ತನ್ನ ಮನೆಯ ಕೂಗು ರೂಢಿಯಾಗುತ್ತಿತ್ತು. ಸಂಜೆ ದನಗಾಹಿ ಕೆರೆಯ ಏರಿಯ ಮೇಲೆ ನಿಂತು ಒಂದೊಂದೇ ಕೂಗು ಹಾಕುತ್ತಿದ್ದ. ಆಯಾ ಎಮ್ಮೆ ಹಿಂಡಿನಿಂದ ಬೇರೆಯಾಗಿ ಮನೆಯ ದಾರಿ ಹಿಡಿಯುತ್ತಿತ್ತು. ಆ ಧೂಳಿನಲ್ಲಿ, ಆ ಗಡಿಬಿಡಿಯಲ್ಲಿ, ಯಾವ ಕೂಗಿಗೆ ಯಾವ ಎಮ್ಮೆ ಎಂಬುದು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಅರವತ್ತೂ ಗೊತ್ತಿದ್ದವನು ದನಗಾಹಿ ಒಬ್ಬನೇ.

ಒಂದು ದಿನ ಏರಿಯ ಮೇಲೆ ಒಬ್ಬ ಅಪರಿಚಿತ ಬಂದು ಕುಳಿತ. ಎಲೆ ಅಡಿಕೆ ಕೊಟ್ಟ. "ಅರವತ್ತು ಕೂಗು ಒಂದೇ ಬಾಯಲ್ಲಿ! ಅಯ್ಯಪ್ಪಾ, ಇದು ಆಗುವ ಮಾತೇ?" ಎಂದ. ದನಗಾಹಿ ಒಳ್ಳೆಯವನು. ಆದರೆ ಹೊಗಳಿದರೆ ಉಬ್ಬುವವನು. ಆ ಬಡಪಾಯಿಯನ್ನು ಅಲ್ಲಿಯವರೆಗೆ ಹೊಗಳಿದವರಾದರೂ ಯಾರು? ನಾಲ್ಕು ದಿನ ಕೂತು ಒಂದೊಂದು ಎಮ್ಮೆಯನ್ನೂ ತೋರಿಸಿ ಒಂದೊಂದು ಕೂಗನ್ನೂ ಕೂಗಿ ತೋರಿಸಿದ. ಐದನೆಯ ದಿನ ಅಪರಿಚಿತ ಬರಲಿಲ್ಲ.

ಆರನೆಯ ದಿನ ಪಕ್ಕದ ಊರಿನ ದನಗಾಹಿ ಸಿಕ್ಕ. ನಮ್ಮಲ್ಲಿ ಯಾರೋ ಒಬ್ಬ ಬಂದು ಕೂಗುಗಳನ್ನು ಕೇಳಿಕೊಂಡು ಹೋದ, ಆಮೇಲಿಂದ ಎಮ್ಮೆಗಳು ತಾವಾಗಿಯೇ ನಡೆದು ಕಾಣೆಯಾಗುತ್ತಿವೆ ಎಂದ. ಅದು ತನಗೆ ಎಲೆ ಅಡಿಕೆ ಕೊಟ್ಟವನೇ ಎಂದು ನಮ್ಮ ದನಗಾಹಿಗೆ ಹೊಳೆಯಿತು. ಅವನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಅದೇ ಸಂಜೆ ಅರವತ್ತು ಬಾಗಿಲಿಗೂ ಹೋಗಿ ಕೈ ಮುಗಿದ. "ನನ್ನಿಂದ ತಪ್ಪಾಯಿತು. ನಿಮ್ಮ ಕೂಗು ಕಳ್ಳನ ಬಾಯಿಗೆ ಬಿದ್ದಿದೆ. ಬದಲಾಯಿಸಿಕೊಳ್ಳಿ" ಎಂದ.

ಒಬ್ಬ ರೈತ ಎದ್ದು ಕೊಟ್ಟಿಗೆಗೆ ಹೋಗಿ ನೋಡಿದ. ಎಮ್ಮೆ ಇತ್ತು. ಗೂಟ ಇತ್ತು. ಹಗ್ಗ ಇತ್ತು. ಹೊರಗೆ ಬಂದು ನಕ್ಕ. "ಏನು ಹೋಗಿದೆಯೋ ನಂದು? ಈ ಕೂಗು ನಮ್ಮಪ್ಪನ ಕಾಲದ್ದು. ನೀನು ಬಾಯಿ ಬಿಟ್ಟದ್ದಕ್ಕೆ ನಾನು ಬದಲಾಯಿಸಬೇಕೇ? ಹೋಗು ಹೋಗು" ಎಂದ.

"ಸರಿಯಾಗಿಯೇ ಹೇಳಿದ" ಎಂದ ಕೊಟ್ರೇಶ.

"ಹೌದಪ್ಪಾ, ನಿನಗೆ ಅವನು ಸರಿಯಾಗಿಯೇ ಕಾಣಬೇಕು. ಮುಂದೆ ಕೇಳು."

ಅದೇ ಬೀದಿಯಲ್ಲಿ ಒಬ್ಬ ಮೊಸರು ಮಾರುವ ಹೆಂಗಸಿದ್ದಳು. ಇದ್ದದ್ದು ಒಂದೇ ಎಮ್ಮೆ. ಅದು ಹಾಲು ಕೊಟ್ಟರೆ ಒಲೆ ಉರಿಯಬೇಕು. ಅವಳೇನು ದನಗಾಹಿಯನ್ನು ಹಾಡಿ ಹೊಗಳಲಿಲ್ಲ. ಮನಸಾರೆ ಬೈದಳು. ಅವನ ನಾಲಿಗೆಯನ್ನೂ ಬೈದಳು, ಅವನು ತಿಂದ ಎಲೆ ಅಡಿಕೆಯನ್ನೂ ಬೈದಳು. ಬೈದು ಮುಗಿಸಿ, "ನಾಳೆಯಿಂದ ನನ್ನ ಎಮ್ಮೆಗೆ ಕೂಗು ಹಾಕಬೇಡ. ನಾನೇ ಏರಿಗೆ ಬರುತ್ತೇನೆ" ಎಂದಳು.

ಕೂಗು ಬದಲಾಯಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಎಮ್ಮೆಗೆ ಹಳೆಯದನ್ನು ಮರೆಸಬೇಕು, ಹೊಸದನ್ನು ಕಲಿಸಬೇಕು. ಅವಳು ಒಂದು ಕೈಯಲ್ಲಿ ಬೇವಿನ ಹಿಂಡಿ, ಇನ್ನೊಂದು ಕೈಯಲ್ಲಿ ಶೇಂಗಾ ಹಿಂಡಿ ಹಿಡಿದು ಏರಿಯ ಮೇಲೆ ನಿಂತಳು. ಹಳೆಯ ಕೂಗಿಗೆ ಬಂದರೆ ಕಹಿ ಹಿಂಡಿ. ಆಮೇಲೆ ಎಮ್ಮೆಯ ಕಿವಿಯ ಹತ್ತಿರ ಮೆಲ್ಲಗೆ ಹೊಸ ಕೂಗು. ಅದಕ್ಕೆ ತಿರುಗಿದರೆ ಸಿಹಿ ಹಿಂಡಿ.

"ಹೊಸ ಕೂಗು ಯಾವುದಿತ್ತು ಗುರುಗಳೇ?"

"ಅವಳು ನನಗೇ ಹೇಳಿಲ್ಲ, ನಿನಗೇಕೆ ಹೇಳುತ್ತಾಳೆ?"

ಮೊದಲ ಮೂರು ದಿನ ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ರೈತ ಏರಿಯ ಮೇಲೆ ಹಾದುಹೋಗುತ್ತಾ, "ಏನವ್ವಾ, ಎಮ್ಮೆಗೆ ಅಕ್ಷರಾಭ್ಯಾಸವೋ?" ಎಂದು ಹಾಸ್ಯ ಮಾಡಿದ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಎಂಟನೆಯ ದಿನ ದನಗಾಹಿಯಿಂದ ಹಳೆಯ ಕೂಗು ಹಾಕಿಸಿ ನೋಡಿದಳು. ಎಮ್ಮೆ ಮೂಗಿನಿಂದ ಬುಸ್ ಎಂದು ಅತ್ತ ತಿರುಗಿ ನಿಂತಿತು. ಆ ದಿನ ಅವಳು ಹೊಟ್ಟೆ ತುಂಬ ಉಂಡಳು.

ಕಳ್ಳ ಊರ ಹೊರಗಿನ ಹೊಂಗೆ ಮರದ ಮರೆಯಲ್ಲಿ ನಿಂತು ಒಂದೊಂದೇ ಕೂಗನ್ನು ಪರೀಕ್ಷಿಸುತ್ತಿದ್ದ. ಮೊಸರಿನವಳ ಎಮ್ಮೆ ಹಳೆಯ ಕೂಗಿಗೆ ಹೊರಳಿಯೂ ನೋಡಲಿಲ್ಲ. ಓಹೋ, ಇವಳು ಬದಲಾಯಿಸಿದ್ದಾಳೆ ಎಂದು ಅವನಿಗೆ ತಿಳಿಯಿತು. ಮಾರನೆಯ ದಿನ ಶುಭ್ರವಾದ ಪಂಚೆ ಉಟ್ಟ ಒಬ್ಬ ಮನುಷ್ಯ ಅವಳ ಬಾಗಿಲಿಗೆ ಬಂದ. "ಅವ್ವಾ, ದನಗಾಹಿ ಕಳಿಸಿದ್ದಾನೆ. ಪಾಪ, ಅವಮಾನದಿಂದ ಜ್ವರ ಬಂದು ಮಲಗಿದ್ದಾನೆ. ಕಳ್ಳ ಇವತ್ತೇ ಬರುವ ಸುದ್ದಿ ಇದೆ. ನಿಮ್ಮ ಹೊಸ ಕೂಗು ಬೇಗ ಹೇಳಿದರೆ ಕಾವಲಿನ ವ್ಯವಸ್ಥೆ ಮಾಡುತ್ತೇವೆ" ಎಂದ. ಅವಳ ಮನೆ ಅವನಿಗೆ ಗೊತ್ತಿತ್ತು. ಎಮ್ಮೆಯ ವಯಸ್ಸು ಗೊತ್ತಿತ್ತು. ಹಳೆಯ ಕೂಗನ್ನೂ ತಪ್ಪಿಲ್ಲದೆ ಕೂಗಿ ತೋರಿಸಿದ. ಇಷ್ಟೆಲ್ಲ ಗೊತ್ತಿದ್ದವನನ್ನು ನಂಬದೆ ಇರುವುದು ಹೇಗೆ?

"ಹೌದಲ್ಲ, ಹೇಗೆ?" ಎಂದ ಕೊಟ್ರೇಶ.

ಅವಳು ನಂಬಲೂ ಇಲ್ಲ, ಜಗಳವನ್ನೂ ಆಡಲಿಲ್ಲ. "ಕೂತಿರಪ್ಪಾ, ಬಿಸಿಲಲ್ಲಿ ಬಂದಿದ್ದೀಯ" ಎಂದು ಒಂದು ಲೋಟ ಮಜ್ಜಿಗೆ ಕೊಟ್ಟಳು. ಹಿತ್ತಿಲ ಬಾಗಿಲಿನಿಂದ ಹೊರಟು ನೇರವಾಗಿ ದನಗಾಹಿಯ ಮನೆಗೆ ಹೋದಳು. ಅವನು ಕಾಲು ಚಾಚಿ ರೊಟ್ಟಿ ತಿನ್ನುತ್ತಿದ್ದ. ಜ್ವರವೂ ಇಲ್ಲ, ಗಿರವೂ ಇಲ್ಲ, ಯಾರನ್ನೂ ಕಳಿಸಿಯೂ ಇರಲಿಲ್ಲ. ಇಬ್ಬರೂ ಓಡಿಬಂದು ನೋಡಿದರೆ ಜಗಲಿ ಖಾಲಿ. ಮಜ್ಜಿಗೆ ಕುಡಿದು ಲೋಟವನ್ನೂ ಹೊತ್ತುಕೊಂಡು ಹೋಗಿದ್ದ.

ಕೊಟ್ರೇಶ ನಕ್ಕ. ಮುರಿಗೆಯ್ಯನವರೂ ನಕ್ಕರು. ಆಮೇಲೆ ಮುಂದುವರಿಸಿದರು.

ಅದೇ ವಾರ ರೈತನ ಎಮ್ಮೆ ಒಂದು ಲೋಟದಷ್ಟು ಹಾಲು ಕಡಿಮೆ ಕೊಟ್ಟಿತು. "ಯಾಕೆ ಹೀಗಾಯಿತು?" ಎಂದಳು ಹೆಂಡತಿ. "ಕರು ಕುಡಿದಿರಬೇಕು ಬಿಡು. ಒಂದು ಲೋಟ ಹಾಲಿಗೆ ಪಂಚಾಯಿತಿ ಮಾಡಬೇಕೇ?" ಎಂದ ರೈತ. ಕರು ಕುಡಿದಿರಲಿಲ್ಲ. ಕಳ್ಳ ಎಮ್ಮೆಯನ್ನು ದಾರಿಯಲ್ಲಿ ಕರೆದು, ಒಂದು ಲೋಟ ಹಾಲು ಕರೆದುಕೊಂಡು, ಮನೆಗೆ ಬಿಟ್ಟಿದ್ದ. ಅವನಿಗೆ ಬೇಕಾದದ್ದು ಹಾಲಲ್ಲ. ಈ ಮನೆಯಲ್ಲಿ ಯಾರಾದರೂ ಕೇಳುತ್ತಾರೋ ಇಲ್ಲವೋ ಎಂದು ನೋಡಬೇಕಿತ್ತು.

ಕೊಟ್ರೇಶ ಕುಳಿತಲ್ಲೇ ಅಲುಗಾಡಿದ. "ಗುರುಗಳೇ, ಮೊನ್ನೆ ನನ್ನ ಕಾರ್ಡಿನಿಂದ ಹನ್ನೊಂದು ರೂಪಾಯಿ ಹೋಗಿದೆ ಎಂದು ಮೊಬೈಲಿಗೆ ಸಂದೇಶ ಬಂದಿತ್ತು. ಯಾರದೋ ಹೆಸರು. ಬ್ಯಾಂಕಿನ ಏನೋ ಶುಲ್ಕವಿರಬೇಕು ಎಂದುಕೊಂಡೆ."

"ಎಂದುಕೊಂಡೆಯಾ? ಭೇಷ್. ಬ್ಯಾಂಕಿನವರನ್ನು ಕೇಳಿದೆಯಾ?"

"ಇಲ್ಲ."

"ರೈತನೂ ಕೇಳಲಿಲ್ಲ. ಹತ್ತು ದಿನ ಕಳೆಯಿತು. ಒಂದು ಸಂಜೆ ಅವನ ಎಮ್ಮೆ ಮನೆಗೆ ಬರಲಿಲ್ಲ."

ಅವನು ಕೆರೆ ಹುಡುಕಿದ, ಹಳ್ಳ ಹುಡುಕಿದ. ಹೆಂಡತಿ ಕರುವಿನ ಕತ್ತು ತಬ್ಬಿಕೊಂಡು ಅತ್ತಳು. ಆ ಮನೆಯ ಎಮ್ಮೆ ಹತ್ತು ವರ್ಷದ್ದು. ರೈತ ತನ್ನ ಕೈಯಿಂದಲೇ ಅದನ್ನು ತಾಯಿಯ ಹೊಟ್ಟೆಯಿಂದ ಎಳೆದುಕೊಂಡವನು. ದನಗಾಹಿಯ ಮನೆಗೆ ಹೋಗಿ ಅವನ ಕೊರಳಪಟ್ಟಿ ಹಿಡಿದ. "ನಿನ್ನಿಂದ ಹೋಯಿತು!" ಎಂದು ಕಿರುಚಿದ. "ನನ್ನಿಂದಲೇ ಹೋಯಿತು" ಎಂದ ದನಗಾಹಿ, ತಲೆ ತಗ್ಗಿಸಿ. ರೈತನಿಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಎಮ್ಮೆ ಸಿಗಲಿಲ್ಲ.

ನಾಲ್ಕನೆಯ ದಿನ ದೂರದ ಒಂದು ದನದ ಸಂತೆಯಲ್ಲಿ ಎಮ್ಮೆ ಕಂಡಿತು. ಹಗ್ಗ ಹಿಡಿದು ನಿಂತಿದ್ದವನು ಅದೇ ಅಪರಿಚಿತ. ರೈತ ಓಡಿಹೋಗಿ ಎಮ್ಮೆಯ ಕೊರಳು ಹಿಡಿದ. "ನನ್ನದು!" ಎಂದ. "ನನ್ನದು" ಎಂದ ಅವನು, ಸಮಾಧಾನವಾಗಿ.

ಸಂತೆಯ ಹಿರಿಯರು ಕೂಡಿದರು. ರೈತ ತನ್ನ ಊರಿನ ನಾಲ್ವರನ್ನು ಸಾಕ್ಷಿ ನಿಲ್ಲಿಸಿದ. ಕಳ್ಳನೂ ತನ್ನ ನಾಲ್ವರನ್ನು ನಿಲ್ಲಿಸಿದ. ಹಿರಿಯರು, "ಮನುಷ್ಯರ ಸಾಕ್ಷಿ ಸಾಕು. ಎಮ್ಮೆಯನ್ನೇ ಕೇಳೋಣ. ಹಗ್ಗ ಬಿಚ್ಚಿ. ಇಬ್ಬರೂ ದೂರ ನಿಂತು ಕರೆಯಿರಿ" ಎಂದರು.

ರೈತನ ಮುಖ ಅರಳಿತು. ಅವನಿಗೆ ಬೇಕಾಗಿದ್ದದ್ದೂ ಅದೇ. ಅಪ್ಪನ ಕಾಲದ ಕೂಗು, ಮನೆಯ ಕೂಗು. ಎದೆ ತುಂಬಿ ಕೂಗಿದ. ಎಮ್ಮೆ ಅವನ ಹತ್ತಿರ ಬಂದು ಕೈ ಮೂಸಿತು. ಊರಿನವರು ಹೋ ಎಂದರು.

"ಸರಿ, ಈಗ ನೀನು" ಎಂದರು ಹಿರಿಯರು.

ಕಳ್ಳ ಕೂಗಿದ. ಅದೇ ಕೂಗು. ಅದೇ ಏರು, ಅದೇ ಇಳಿತ. ಅಷ್ಟು ವರ್ಷ ಸಂಜೆ ಸಂಜೆ ದನಗಾಹಿಯ ದನಿಗೂ ಮನೆಗೆ ಹೊರಟ ಎಮ್ಮೆ ಅದು. ದನಿ ಯಾರದಾದರೇನು, ಕೂಗು ಸರಿಯಿದ್ದರೆ ಸಾಕು. ರೈತನನ್ನು ಬಿಟ್ಟು, ಬಾಲ ಬೀಸುತ್ತಾ ಹೋಗಿ ಕಳ್ಳನ ಪಕ್ಕದಲ್ಲಿ ನಿಂತಿತು.

"ಆ ಕೂಗು ನನ್ನದು! ಅವನು ಕದ್ದಿದ್ದಾನೆ!" ಎಂದು ರೈತ ಒದರಿದ.

ಹಿರಿಯರಿಗೂ ಪಾಪ ಎನಿಸಿತು. "ಕದ್ದಿದ್ದರೆ ನಿನ್ನ ಹತ್ತಿರ ಇರಬಾರದಿತ್ತಲ್ಲಪ್ಪಾ. ಈಗ ತಾನೇ ನೀನು ಕೂಗಿದೆಯಲ್ಲ" ಎಂದರು. "ಹೋಗಲಿ, ಕೂಗು ಕಳ್ಳನ ಬಾಯಿಗೆ ಬಿದ್ದಿದೆ ಎಂದು ನಿನಗೆ ಎಂದು ತಿಳಿಯಿತು?"

"ಒಂದು ತಿಂಗಳಾಯಿತು."

"ತಿಳಿದ ಮೇಲೆ ಏನು ಮಾಡಿದೆ?"

"ಕೊಟ್ಟಿಗೆಗೆ ಹೋಗಿ ನೋಡಿದೆ. ಎಮ್ಮೆ ಇತ್ತು" ಎಂದ ರೈತ. ಎಮ್ಮೆ ಯಾರ ಪಕ್ಕದಲ್ಲಿ ನಿಂತಿತ್ತೋ ಅವನ ಜೊತೆಗೇ ಹೋಯಿತು.

ಮುರಿಗೆಯ್ಯನವರು ಕತೆ ನಿಲ್ಲಿಸಿದರು. ಕೊಟ್ರೇಶನಿಗೆ ತಡೆಯಲಾಗಲಿಲ್ಲ.

"ಇದು ಅನ್ಯಾಯ ಗುರುಗಳೇ! ಹುಟ್ಟಿದ ದಿನದಿಂದ ಅವನ ಕೈಯಲ್ಲಿ ಮೇವು ತಿಂದ ಎಮ್ಮೆ. ಹತ್ತು ವರ್ಷ ಮೈ ತೊಳೆದವನು ಯಾರು, ನಿನ್ನೆ ಬಂದವನು ಯಾರು, ಅಷ್ಟೂ ಅದಕ್ಕೆ ಗೊತ್ತಾಗಲಿಲ್ಲವೇ?"

ಮುರಿಗೆಯ್ಯನವರು ಅವನ ಮುಖವನ್ನೇ ನೋಡಿದರು.

"ಕೈಯಾರೆ ಮೇವು ತಿನ್ನಿಸಿದವನನ್ನೇ ಎಮ್ಮೆ ಗುರುತಿಸಲಿಲ್ಲ ಕೊಟ್ರೇಶಾ; ಕಾರ್ಡಿನ ನಂಬರಷ್ಟೇ ನೋಡುವ, ನಿನ್ನ ಮುಖವನ್ನೇ ಕಾಣದ ಬ್ಯಾಂಕಿನ ಯಂತ್ರ ನಿನ್ನನ್ನು ಹೇಗೆ ಗುರುತಿಸುತ್ತದಪ್ಪಾ?"