ಬತ್ತಿ ತಾಗಿದ ಪಾದ

"ಮತ್ತ ಬಂದಳ್ರಿ ಯವ್ವಾ. ಇನ್ನೊಬ್ಬರ ಕಾಲು ಪೂರ್ತಿ ತಿಕ್ಕಾಕ ಬಿಡೂದಿಲ್ಲ ಈಕಿ," ಎಂದು ಮಾಳವ್ವ ಎಣ್ಣೆಗೈ ಝಾಡಿಸಿದಳು.

ಮಲಪ್ರಭೆಯ ದಂಡೆಯ ಆ ಪುಟ್ಟ ಮಠದಲ್ಲಿ ಪೂಜ್ಯ ಸಂಗವ್ವ ತಾಯಿಯವರು ಮಣ್ಣಿನ ಕಟ್ಟೆಯ ಮೇಲೆ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದರು. ಕೀಲುನೋವಿನವರಿಗೆ ಅವರು ಕಾಯಿಸಿದ ಎಣ್ಣೆಯನ್ನು ತಿಕ್ಕುವ ಸೇವೆ ಮಾಳವ್ವನದು. ತಿಕ್ಕಿದರೆ ಹೋಗದ ನೋವೇ ಇಲ್ಲವೆಂಬುದು ಅವಳ ಹಟ.

ಬಂದವಳು ಯಂಕವ್ವ. ಮೂರು ವಾರ ಮೊಣಕಾಲಿನಿಂದ ಪಾದದವರೆಗೆ ತಿಕ್ಕಿಸಿಕೊಂಡ ಮೇಲೆ ಅವಳ ಮೊಣಕಾಲಿನ ಬಾವು ಇಳಿದಿತ್ತು, ಆದರೆ ನೋವು ಇಳಿದಿರಲಿಲ್ಲ. ಮನೆಯವರು ಅದನ್ನು ಕಳ್ಳನೋವು ಅನ್ನುತ್ತಿದ್ದರು. ಮಠದಲ್ಲೂ ಹಾಗೇ ಅಂದರೆ ನಾಳೆಯಿಂದ ಅವಳು ಕಳೆ ಕೀಳಲು ಹೊಲಕ್ಕೆ ಇಳಿಯಲೇಬೇಕಿತ್ತು.

"ಬಾವು ಇಳದೈತಿ, ಇನ್ನೆಲ್ಲಿ ನೋವು?" ಎಂದಳು ಮಾಳವ್ವ. "ನಮ್ಮತ್ತಿನೂ ಹಿಂಗ. ಚಳಿಗಾಲದಾಗ ಕಾಲಿಗೆ ಕಂಬಳಿ ಹೊಚ್ಚಿದರ ಒದ್ದು ಬಿಡತಿದ್ದಳು. ಸಾಯೂತನಕ ಅದ ನಾಟಕ. ಚಾಚು ಕಾಲು. ಇವತ್ತ ಬಿಡಿಸೇ ಕಳಸ್ತೀನಿ."

ಯಂಕವ್ವ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು. "ಪಾದ ಮುಟ್ಟಬ್ಯಾಡ ಅಕ್ಕಾ."

ತಾಯಿಯವರು ಎದ್ದು ಬಂದರು. ಕೈಯಲ್ಲಿದ್ದ ಬತ್ತಿಯನ್ನು ಅವಳ ಎಡಪಾದದ ಮೇಲೆ ಮೆಲ್ಲಗೆ ಎಳೆದರು. ಅವಳು ಸುಮ್ಮನಿದ್ದಳು. ಬಲಪಾದದ ಮೇಲೆ ಎಳೆದರು. ಕೆಂಡ ತಾಗಿದವಳಂತೆ ಕಾಲು ಕಿತ್ತುಕೊಂಡಳು.

"ಹೆಂಗ ಆಗತೈತಿ, ಮಗಳ?"

"ಉರೀತೈತ್ರಿ ಯವ್ವಾ. ಇರುವಿ ಹರದಂಗ. ನಡುನಡುವ ಸೊಂಟದಿಂದ ಬೆರಳಿನತನ ಕರೆಂಟ್ ಹೊಡದಂಗ."

"ಮೊಣಕಾಲು?"

"ಅದರದು ಬ್ಯಾರೆ. ನಡದರ ಹಿಡೀತೈತಿ, ಕುಂತರ ಕಡಿಮಿ."

ಎಣ್ಣೆಯ ಬಟ್ಟಲು ಹಿಡಿದಿದ್ದ ಮಾಳವ್ವ ಹತ್ತಿಯ ಆ ಎಳೆಯನ್ನೇ ನೋಡುತ್ತಿದ್ದಳು. ಅಷ್ಟು ಹಗುರದ್ದು ತಾಗಿದ್ದಕ್ಕೆ ಯಂಕವ್ವನ ಕಣ್ಣು ತುಂಬಿದ್ದವು. ಆ ಪಾದವನ್ನೇ ಅಲ್ಲವೇ ತಾನು ಮೂರು ವಾರ ಹೆಬ್ಬೆರಳೂರಿ ತಿಕ್ಕಿದ್ದು.

"ಕೀಲಿನ ನೋವು ಬ್ಯಾರೆ, ನರದ ನೋವು ಬ್ಯಾರೆ. ಈಕಿಗೆ ಎರಡೂ ಅದಾವ," ಎಂದರು ತಾಯಿಯವರು. "ನರದ್ದಕ್ಕ ನನ್ನ ಎಣ್ಣಿ ಅಲ್ಲ. ಈಗ ಹೇಳಿದ್ದನ್ನ ಹಂಗ ಡಾಕ್ಟರ ಮುಂದ ಹೇಳಬೇಕು. ಇವತ್ತ."

ಮಾಳವ್ವ ಬಟ್ಟಲು ಕೆಳಗಿಟ್ಟಳು. "ನಾನ ಕರ್ಕೊಂಡು ಹೋಗ್ತೀನ್ರಿ. ಕಳ್ಳನೋವು ಅನ್ನಾವರು ನನ್ನ ಮುಂದ ಬಂದು ಅನ್ನಲಿ." ಆ ಬತ್ತಿಯನ್ನು ಬೇಡಿ ಪಡೆದು ಸೆರಗಿಗೆ ಗಂಟು ಹಾಕಿಕೊಂಡಳು.

ಅಂದಿನಿಂದ ಮಾಳವ್ವ ಮೊದಲು ಬತ್ತಿ ಎಳೆದು, ಹೆಂಗ ಆಗತೈತಿ ಎಂದು ಕೇಳದೆ ಯಾರ ಕಾಲಿಗೂ ಎಣ್ಣೆ ಮುಟ್ಟಿಸಲಿಲ್ಲ. ಪ್ರತಿ ಸಲ ಬತ್ತಿ ಎಳೆಯುವಾಗಲೂ, ಆ ದಿನ ಹೊಸ್ತಿಲು ದಾಟುವಾಗ ತಾಯಿಯವರು ಮೆಲ್ಲಗೆ ಕೇಳಿದ್ದು ಅವಳ ಕಿವಿಯಲ್ಲಿರುತ್ತಿತ್ತು:

"ನಿಮ್ಮತ್ತಿ ಕಂಬಳಿ ಒದ್ದಾಗ, ಕಾಲಿಗೆ ಹೆಂಗ ಆಗತೈತಿ ಅಂತ ಒಮ್ಮೆಯಾರ ಕೇಳಿದ್ಯೇನು, ಮಾಳವ್ವ?"