ಹಿತ್ತಾಳೆ ತುಂಡು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಕಾರಿತ್ತು. ಅಲ್ಲಿನ ಶಿಷ್ಯರೆಲ್ಲರಿಗಿಂತ ಅದಕ್ಕೇ ವಯಸ್ಸು ಹೆಚ್ಚು. ಗುರು ನಿರಂಜನಯ್ಯನವರು ಅದನ್ನು ಕೈಯಾರೆ ರಿಪೇರಿ ಮಾಡಿಕೊಂಡು ಓಡಿಸುತ್ತಿದ್ದರು. ಪೂಜೆಗೆ ಕೂತರೂ ಅಷ್ಟೇ ಶ್ರದ್ಧೆ, ಬಾನೆಟ್ ಎತ್ತಿದರೂ ಅಷ್ಟೇ ಶ್ರದ್ಧೆ. ಎಂಥಾ ಮನುಷ್ಯ ಅಂತೀರಿ!

ಅಡುಗೆಯ ದೇವೀರಮ್ಮನಿಗೆ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ನಾಳೆ ಆಪರೇಷನ್. ಈ ಸಲ ತಪ್ಪಿದರೆ ಅದೂ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಇವತ್ತು ಸಂಜೆಯೊಳಗೆ ಪೇಟೆಯ ಆಸ್ಪತ್ರೆ ಸೇರಬೇಕು. ಹೋಗುವುದಕ್ಕೆ ಆ ಕಾರೊಂದೇ.

ಅದೇ ವಾರ ಕಾರಿನ ಆಯಿಲ್ ಮೀಟರ್ ಕೆಟ್ಟು ಕೂತಿತ್ತು. ಆಯಿಲ್ ಏರಿದೆಯೋ ಇಲ್ಲವೋ ತಿಳಿಯದೆ ಆ ಮುದಿ ಇಂಜಿನನ್ನು ಅಷ್ಟು ದೂರ ಓಡಿಸುವ ಹಾಗಿಲ್ಲ. ಭಕ್ತರೊಬ್ಬರು ಹಿಂದಿನ ದಿನ ಹೊಸ ಮೀಟರ್ ತಂದುಕೊಟ್ಟಿದ್ದರು. ಶಿಷ್ಯ ಪಂಚಾಕ್ಷರಿ ಅದರ ಕೊಳವೆಯನ್ನು ಇಂಜಿನ್ನಿನ ತೂತಿಗೆ ತಿರುಗಿಸತೊಡಗಿದ.

ಎರಡು ಸುತ್ತು ಹೋಯಿತು. ಆಮೇಲೆ ಕಚ್ಚಿಕೊಂಡಿತು. ಅವನು ಸ್ಪ್ಯಾನರ್‌ಗೆ ಕೈ ಹಾಕಿದ.

ಗುರುಗಳು ಅವನ ಮಣಿಕಟ್ಟು ಹಿಡಿದರು.

"ಬೆರಳಿಗೆ ಒಪ್ಪದ್ದನ್ನ ಸ್ಪ್ಯಾನರ್‌ನಲ್ಲಿ ಒಪ್ಪಿಸಬೇಡ ಅಂತ ಎಷ್ಟು ಸಲ ಹೇಳಿದೀನೋ?"

"ತೂತೇ ಸರಿಯಿಲ್ಲ ಬುದ್ಧೀ. ಒಳಗೆ ಹೋಗ್ತಾ ಹೋಗ್ತಾ ಕಿರಿದಾಗ್ತದೆ."

"ಅದು ಪೈಪ್ ಥ್ರೆಡ್ಡು, ಆ ತಿರುಪಿನ ಗೆರೆಯ ಜಾಯಮಾನವೇ ಹಾಗೆ. ನಿನ್ನ ಕೈಲಿರೋದು ಮೆಟ್ರಿಕ್. ತುದಿಯಿಂದ ತುದಿಗೆ ಒಂದೇ ದಪ್ಪ."

"ಹಾಗಿದ್ರೆ ಇಂಜಿನ್ನಿಗೇ ಮೆಟ್ರಿಕ್ ಥ್ರೆಡ್ ಕೊರೆದುಬಿಡ್ತೀನಿ."

"ಆಹಾ! ನಿನ್ನೆ ಬಂದ ಮೀಟರ್‌ಗೋಸ್ಕರ ಇಂಜಿನ್ ಮೈ ಕೊರೀತೀಯಾ? ನಾಳೆ ಆ ಮೀಟರೂ ಕೆಟ್ರೆ?"

ಪಂಚಾಕ್ಷರಿ ಸ್ಪ್ಯಾನರ್ ಕೆಳಗಿಟ್ಟ.

ಗುರುಗಳು ಅವನ ಕೈಗೆ ಒಂದು ಹಿತ್ತಾಳೆ ತುಂಡು ಕೊಟ್ಟರು.

"ಇದರ ಒಂದು ತುದಿ ಇಂಜಿನ್‌ಗೆ ಒಪ್ಪಲಿ, ಇನ್ನೊಂದು ಮೀಟರ್‌ಗೆ ಒಪ್ಪಲಿ. ಎರಡನ್ನೂ ಹಾಗೇ ಇರೋಕೆ ಬಿಡು."

ಎಂಥಾ ಸರಳ ಉಪಾಯ! ಪಂಚಾಕ್ಷರಿಗೆ ಅವರ ಕಾಲಿಗೆ ಬೀಳಬೇಕು ಅನಿಸಿತು.

ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಥ್ರೆಡ್ ಕೊರೆಯುವುದು ಹೇಗೆಂದು ಗುರುಗಳು ಒಮ್ಮೆ ಮಾಡಿ ತೋರಿಸಿದರು. ಅವರ ಬೆರಳು ಹೇಳಿದ ಮಾತನ್ನು ಲೋಹವೂ ಕೇಳುತ್ತಿತ್ತು. ಮಿಕ್ಕಿದ್ದನ್ನು ಶಿಷ್ಯನಿಗೆ ಬಿಟ್ಟು ಅವರು ಪಕ್ಕದಲ್ಲಿ ಕೂತರು.

ಅವನು ಒಂದು ತುದಿಯ ಹೊರಮೈಗೆ ಪೈಪ್ ಥ್ರೆಡ್ ಕೊರೆದ. ಇನ್ನೊಂದು ತುದಿಯಲ್ಲಿ ಕೊಳವೆ ಕೂರುವಷ್ಟು ತೂತು ಮಾಡಿ, ಅದರೊಳಗೆ ಮೆಟ್ರಿಕ್ ಥ್ರೆಡ್ ಕೊರೆದ.

ದೇವೀರಮ್ಮ ಗಂಟು ಹಿಡಿದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ಏನಪ್ಪಾ, ಹೊರಡೋದೋ, ಇಲ್ಲಾ ರಾತ್ರಿ ಸಾರಿಗೆ ನಾನೇ ಬೇಳೆ ಇಡಲೋ?"

"ಆಯ್ತು ಕಣಮ್ಮಾ, ಆಗೇಹೋಯ್ತು!"

ತುಂಡು ಎರಡೂ ಕಡೆ ಬೆರಳಿಗೇ ಒಪ್ಪಿ ಕೂತಿತು. ಅವನು ಇಂಜಿನ್ ಚಾಲೂ ಮಾಡಿದ. ಒಂದು ಹನಿಯೂ ಸೋರಲಿಲ್ಲ. ಅವನ ಮುಖ ಅರಳಿತು.

ಮೀಟರಿನ ಮುಳ್ಳು ಮಾತ್ರ ಅಲ್ಲಾಡಲಿಲ್ಲ.

ಅವನು ಗಾಬರಿಯಾಗಿ ಇಂಜಿನ್ ಆರಿಸಿದ.

"ಇಂಜಿನ್ನೇ ಹೋಯ್ತು ಬುದ್ಧೀ. ಆಯಿಲ್ ಏರ್ತಾನೇ ಇಲ್ಲ. ಅಮ್ಮನ ಕಣ್ಣು…"

ಗುರುಗಳು ತುಂಡನ್ನು ಬಿಚ್ಚಿದರು. ಹೆಗಲ ವಸ್ತ್ರದಲ್ಲಿ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದರು.

"ಏನು ಕೆಲಸಾನೋ ಇದು! ನನ್ನ ಕೈಲೂ ಇಷ್ಟು ನಯ ಬರಲ್ಲ."

ನಿಜವಾಗಿ ಮೆಚ್ಚಿಯೇ ಹೇಳಿದರು. ಆಮೇಲೆ ಅದನ್ನು ಅವನ ಕಣ್ಣಿಗೆ ಹಿಡಿದರು.

"ಏನು ಕಾಣ್ತದೆ?"

"ಬರೀ ಕತ್ತಲೆ… ಅಯ್ಯೋ ಶಿವನೇ!"

ತೂತು ಅರ್ಧಕ್ಕೇ ನಿಂತಿತ್ತು. ಥ್ರೆಡ್ಡಿನ ಅಂದ ನೋಡುತ್ತಾ ಅವನು ಆಚೆ ತುದಿಯವರೆಗೆ ಕೊರೆಯುವುದನ್ನೇ ಬಿಟ್ಟಿದ್ದ. ಇಂಜಿನ್ನಿಗೆ ಏನೂ ಆಗಿರಲಿಲ್ಲ.

ಗುರುಗಳು ಡ್ರಿಲ್ಲನ್ನು ಅವನ ಕೈಗೇ ಕೊಟ್ಟರು. ಹಿತ್ತಾಳೆಯ ಪುಡಿ ಉದುರಿತು. ಮತ್ತೆ ಕಣ್ಣಿಗೆ ಹಿಡಿದರು.

"ಈಗ?"

"ಹೊಳೆ ಕಾಣ್ತದೆ ಬುದ್ಧೀ."

ಈ ಸಲ ಮುಳ್ಳು ಸರ್ರನೆ ಮೇಲೇರಿತು. ದೇವೀರಮ್ಮ ಉಸ್ಸಪ್ಪಾ ಎಂದರು. ಗುರುಗಳು ಸ್ಟೇರಿಂಗ್ ಹಿಡಿದು ಕೂತರು. ಹೊತ್ತು ಇನ್ನೂ ಇತ್ತು.

ಪಂಚಾಕ್ಷರಿಗೆ ಸಮಾಧಾನವಾಗಲಿಲ್ಲ. ಕಿಟಕಿಯ ಹತ್ತಿರ ಬಗ್ಗಿದ.

"ಬುದ್ಧೀ, ಎರಡೂ ಕಡೆ ಅಷ್ಟು ಚೆನ್ನಾಗಿ ಹೊಂದ್ಕೊಂಡಿತ್ತಲ್ಲ. ಆದ್ರೂ ಯಾಕೆ ಕೆಲಸಕ್ಕೆ ಬರಲಿಲ್ಲ?"

ಗುರುಗಳು ಗೇರ್ ಹಾಕಿದರು.

"ಹೊಂದ್ಕೊಂಡಿತ್ತಪ್ಪ, ದಾರಿ ಬಿಟ್ಟಿರಲಿಲ್ಲ."