ಹೊಸ ದಾರಿಯ ನೀರು

ಶರಣಯ್ಯ ತಾತನವರ ಆಶ್ರಮ ಒಂದು ದಿಬ್ಬದ ಮೇಲಿತ್ತು. ಊರ ರಸ್ತೆಯಿಂದ ಅಲ್ಲಿಗೆ ಹತ್ತುವ ದಾರಿ ಮಳೆ ಬಂತೆಂದರೆ ಬರೀ ಕೆಸರು. ಆ ವರ್ಷ ಅಕ್ಕಿ ಮೂಟೆ ತಂದ ಗಾಡಿ ಅಚ್ಚಿನವರೆಗೆ ಹೂತುಹೋಗಿ, ಎತ್ತೊಂದರ ಕಾಲು ಉಳುಕಿತು.

ತಾತನವರು ಶಿಷ್ಯ ಪಂಪಣ್ಣನನ್ನು ಕರೆದು, ದಾರಿ ಸರಿಮಾಡು ಎಂದರು.

ಪಂಪಣ್ಣ ಬಂದದ್ದು ವೇದಾಂತ ಕಲಿಯಲು. ಎರಡು ವರ್ಷದಲ್ಲಿ ಕಲಿತದ್ದು ಕಸ ಗುಡಿಸುವುದು, ನೀರು ಸೇದುವುದು. ಈಗ ಗುದ್ದಲಿ. ಗೊಣಗಿಕೊಂಡೇ ಕೆಲಸಕ್ಕಿಳಿದ.

ಹದಿನೈದು ದಿನ ಗರಸು ಮಣ್ಣು ಹೊತ್ತು ಹಾಸಿದ. ಬಂದುಹೋಗುವ ಭಕ್ತರೆಲ್ಲ ನಿಂತು ಬುದ್ಧಿ ಹೇಳಿದರು. ಒಬ್ಬರು ಕಲ್ಲು ಹಾಕು ಎಂದರು, ಇನ್ನೊಬ್ಬರು ಕಲ್ಲು ಬೇಡವೇ ಬೇಡ ಎಂದರು. ಬುಟ್ಟಿಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ.

ಮೊದಲ ಮಳೆಗೇ ಅಷ್ಟೂ ಕೊಚ್ಚಿಕೊಂಡು ಹೋಯಿತು.

ಏನು ತಪ್ಪಾಯಿತೆಂದು ಕೇಳಿದರೆ ತಾತನವರು, ನೀರನ್ನು ಕೇಳು ಎಂದು ಒಳಗೆ ಹೋದರು. ಪಂಪಣ್ಣನಿಗೆ ಮೈಯೆಲ್ಲ ಉರಿಯಿತು.

ಮತ್ತೆ ಹೊತ್ತ. ಈ ಸಲ ದಾರಿಯ ನಡುವನ್ನು ಎತ್ತರಿಸಿ ಎರಡೂ ಕಡೆಗೆ ಇಳಿಜಾರು ಕೊಟ್ಟ. ಒಂದು ಬದಿಗೆ ಮೊಣಕಾಲಾಳದ ಚರಂಡಿ ತೋಡಿದ. ಅಂಗೈಯ ಬೊಬ್ಬೆಗಳು ಒಡೆದು, ಅಲ್ಲೇ ಮತ್ತೆ ಎದ್ದವು.

ಎರಡನೆಯ ಮಳೆ ಒಂದು ಮಧ್ಯಾಹ್ನ ಸುರಿಯಿತು. ದಾರಿ ಅಲುಗಲಿಲ್ಲ. ಆಶ್ರಮದ ಅಂಗಳದ ನೀರೆಲ್ಲ ಚರಂಡಿ ಹಿಡಿದು ಸರಸರನೆ ಇಳಿದುಹೋಯಿತು. ಪಂಪಣ್ಣ ಓಡಿಹೋಗಿ ತಾತನವರನ್ನು ಕರೆತಂದ.

ತಾತನವರು ದಾರಿಯ ಮೇಲೆ ಕಾಲಿಡಲಿಲ್ಲ. ಪಂಚೆ ಎತ್ತಿ ಕಟ್ಟಿ ಚರಂಡಿಗಿಳಿದರು. ಹರಿಯುವ ನೀರಿನ ಜೊತೆಗೇ ನಡೆದರು. ಇಷ್ಟು ಒಳ್ಳೆಯ ದಾರಿ ಬಿಟ್ಟು ಇದೆಂಥ ಹಟ ಎಂದುಕೊಳ್ಳುತ್ತ ಪಂಪಣ್ಣ ಗುದ್ದಲಿ ಹೆಗಲಿಗೇರಿಸಿ ಹಿಂದೆ ಹೋದ.

ಚರಂಡಿ ಮುಗಿದದ್ದು ದಿಬ್ಬದ ಕೆಳಗೆ, ಊರಿನ ಹುಲಿಗೆವ್ವನ ಹೊಲದ ಅಂಚಿನಲ್ಲಿ. ಅವಳ ಮೆಣಸಿನ ಸಸಿಮಡಿಗಳು ಮುಳುಗಿದ್ದವು. ಇನ್ನೊಂದು ವಾರಕ್ಕೆ ನಾಟಿಗೆ ಬರುವ ಸಸಿಗಳು. ಆಕೆ ಕೊಡದಲ್ಲಿ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ತಾತನವರನ್ನು ಕಂಡು ಕೈಮುಗಿದಳು. ಬೈಯಲಿಲ್ಲ. ಮತ್ತೆ ಮೊಗೆಯತೊಡಗಿದಳು.

ತಾತನವರು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೊಗಸೆಯಿಂದ ನೀರೆತ್ತಿ ಹಾಕತೊಡಗಿದರು.

“ನೀರು ತಗ್ಗಿಗೆ ಹೋಗುತ್ತದೆ ತಾತಾ,” ಎಂದ ಪಂಪಣ್ಣ. “ಅದಕ್ಕೆ ನಾನೇನು ಮಾಡಲಿ?”

ತಾತನವರು ಎದ್ದು ಅವನ ಹೆಗಲಿನಿಂದ ಗುದ್ದಲಿ ತೆಗೆದುಕೊಂಡರು. ದಿಬ್ಬ ಹತ್ತಿದರು. ಚರಂಡಿಗೆ ಮಣ್ಣಿನ ಒಡ್ಡು ಹಾಕಿದರು. ಆಮೇಲೆ ಹೊಸ ದಾರಿಯನ್ನೇ ಅಡ್ಡಲಾಗಿ ಕಡಿದರು.

ನೀರು ತಿರುಗಿತು. ಆಚೆ ಬದಿಯಲ್ಲಿದ್ದ ಆಶ್ರಮದ ಬದನೆ ತೋಟಕ್ಕೆ ನುಗ್ಗಿ, ಸಾಲುಗಳನ್ನು ಮುಚ್ಚಿ, ಹಳ್ಳದ ಕಡೆಗೆ ಹೋಯಿತು. ಕೆಳಗೆ, ಹುಲಿಗೆವ್ವನ ಮಡಿಗಳಲ್ಲಿ ಸಸಿಗಳ ತುದಿಗಳು ಒಂದೊಂದಾಗಿ ಕಾಣಿಸಿಕೊಂಡವು.

ಪಂಪಣ್ಣ ಅದನ್ನು ನೋಡಲಿಲ್ಲ. ಕಡಿದ ದಾರಿಯನ್ನೇ ನೋಡುತ್ತ ಹಸಿ ಗರಸಿನ ಮೇಲೆ ಕುಸಿದು ಕೂತ.

“ಒಂದು ತಿಂಗಳು ಹೊತ್ತಿದ್ದೇನೆ ತಾತಾ. ದಾರಿಯನ್ನೂ ಕಡಿದಿರಿ, ತೋಟವನ್ನೂ ಮುಳುಗಿಸಿದಿರಿ. ನಮ್ಮ ಬದನೆ ಏನು ಪಾಪ ಮಾಡಿತ್ತು?”

ತಾತನವರು ಗುದ್ದಲಿಯ ಮಣ್ಣು ತೊಳೆದು ಅವನ ಪಕ್ಕ ಇಟ್ಟರು.

“ಈ ಮಳೆ ಯಾರ ಅಂಗಳದಲ್ಲಿ ಸುರಿದದ್ದು, ಪಂಪಣ್ಣ?”